ಆಯಿಯ ತವರಿಗೆ ಮೂರು ದಿನ

"ಮುತ್ಯಾ, ನೀ ಮತ್ತು ಆಯಿ ಹನಿಮೂನ್‌ಗೆ ಹೊಂಟೀರೇನು?"

ಆರನೇ ಇಯತ್ತೆಯಲ್ಲಿರುವ ಮೊಮ್ಮಗಳು ಹೀಗೆ ಕೇಳಿದಾಗ ನಮ್ಮಾಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ಪೆಟ್ಟಿಗೆಯಲ್ಲಿ ಧೋತರ ಇಡುತ್ತಿದ್ದವನು ಕೇಳಿಸದವರಂತೆ ಸುಮ್ಮನಾದೆ. ಎಪ್ಪತ್ತೈದು ವಯಸ್ಸಿನ ಮುದುಕನಿಗೆ ಕೇಳುವ ಪ್ರಶ್ನೆಯೇ ಇದು?

ಆದರೆ ಹುಡುಗಿಯ ಮಾತು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಲಗ್ನ ಆದದ್ದು 1975ರ ಫೆಬ್ರವರಿ 16ರಂದು, ಭಾನುವಾರ. ಈ ಸಲ 2025ರ ಫೆಬ್ರವರಿ 16 ಕೂಡ ಭಾನುವಾರವೇ. 1975ರ ಕ್ಯಾಲೆಂಡರನ್ನು 2025ರ ಪಕ್ಕಕ್ಕೆ ಇಟ್ಟು ನೋಡಿರಿ, ಜನವರಿ 1ರಿಂದ ಡಿಸೆಂಬರ್ 31ರ ತನಕ ವಾರ, ತಾರೀಕು ಎರಡೂ ಕೂಡುತ್ತವೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೇಳು ವರ್ಷ ತಾರೀಕು ಹಾಕುತ್ತಾ ಕೂತವನಿಗೆ ಇಂಥದು ಬೇಗ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳಬೇಕಾದದ್ದು ಬೀಳಲಿಲ್ಲ ಎಂಬ ಮಾತು ಮುಂದೆ ಬರುತ್ತದೆ.

ನಮ್ಮ ಮನೆ ಆಳಂದದಲ್ಲಿ. ನೌಕರಿ ಮಾಡಿದ್ದು ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಊರಲ್ಲಿ. ನಮ್ಮಾಕೆಯ ತಂದೆ ಅಫಜಲಪುರ ತಾಲ್ಲೂಕಿನವರು. ನಿಜಾಮರ ಕಾಲದಲ್ಲಿ ಸರಕಾರಿ ಕಚೇರಿಯ ಕೆಲಸಕ್ಕೆಂದು ಹೈದರಾಬಾದಿಗೆ ಹೋದವರು ಅಲ್ಲಿಯೇ ಉಳಿದರು. ಹೀಗಾಗಿ ಇವಳು ಹುಟ್ಟಿದ್ದು, ಓದಿದ್ದು, ಲಗ್ನವಾದದ್ದು ಎಲ್ಲವೂ ಹೈದರಾಬಾದಿನ ಕಾಚಿಗುಡಾದಲ್ಲಿ. ಉಳಿದ ಹೆಣ್ಣುಮಕ್ಕಳಿಗೆ ತವರು ಎಂದರೆ ಒಂದು ಮನೆ, ಒಂದು ಓಣಿ. ಇವಳಿಗೆ ಇಡೀ ಶಹರವೇ ತವರು.

ಮಕ್ಕಳಿಗೆ ಒಂದು ಮಾತು ಹೇಳಬೇಕು. ನಮ್ಮ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರ್ 17ರಂದು ಆ ಸಂಸ್ಥಾನ ಭಾರತದಲ್ಲಿ ಸೇರಿತು. ನಿಮ್ಮ ಶಾಲೆಯಲ್ಲಿ ಆ ದಿನ ಧ್ವಜ ಹಾರಿಸುವುದು ಅದಕ್ಕೇ. 1956ರ ನವೆಂಬರ್ 1ರಂದು ಭಾಷೆಯ ಪ್ರಕಾರ ರಾಜ್ಯಗಳಾದಾಗ ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿ ಜಿಲ್ಲೆಗಳು ಮುಂಬೈ ರಾಜ್ಯಕ್ಕೆ, ನಾವು ಮೈಸೂರು ರಾಜ್ಯಕ್ಕೆ ಬಂದೆವು. ರಾಜಧಾನಿ ಬೆಂಗಳೂರು ಆಯಿತು. ಆದರೂ ನಮ್ಮ ಹಿರಿಯರು ದವಾಖಾನೆಗೆ, ಲಗ್ನದ ಜವಳಿಗೆ, ಬಂಗಾರಕ್ಕೆ ಹೈದರಾಬಾದ್ ಗಾಡಿ ಹತ್ತುವುದನ್ನು ಬಿಡಲಿಲ್ಲ.

ಹೊಸಿಲು ಎಡವಿದ್ದು

ಈ ಪ್ರಯಾಣಕ್ಕೆ ಕಾರಣ ಬರೀ ಲಗ್ನದ ಐವತ್ತು ವರ್ಷವಲ್ಲ.

ನಾಲ್ಕೈದು ವರ್ಷಗಳಿಂದ ನಮ್ಮಾಕೆ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿಟ್ಟ ಚಹಾದ ಕಪ್ಪು ಕೈತಾಗಿ ಉರುಳುತ್ತಿತ್ತು. ಅಂಗಳದಲ್ಲಿ ರಂಗೋಲಿ ಹಾಕಿದರೆ ನಡುವೆ ಚೆಂದ, ಒಂದು ಮೂಲೆ ಅರ್ಧ. ಒಂದು ದಿನ ಹೊಸಿಲು ಎಡವಿ ಹಾಲಿನ ಪಾತ್ರೆ ಚೆಲ್ಲಿದಳು. "ಕಣ್ಣು ಕಾಣಂಗಿಲ್ಲೇನು ನಿನಗ?" ಎಂದು ಒದರಿದೆ. ಅವಳು ಏನೂ ಅನ್ನದೆ ಬಟ್ಟೆ ತಂದು ಒರೆಸಿದಳು.

ಎರಡು ವರ್ಷದ ಹಿಂದೆ ಊರಲ್ಲಿ ಕಣ್ಣಿನ ಶಿಬಿರ ನಡೆಯಿತು. ನಾನು ಪೊರೆ ತೋರಿಸಲು ಹೋದವನು ಇವಳನ್ನೂ ಕರೆದುಕೊಂಡು ಹೋದೆ. ನನ್ನದು ಸಣ್ಣ ಪೊರೆ. ಇವಳನ್ನು ನೋಡಿದ ಡಾಕ್ಟರು ಮಾತ್ರ ಕಲಬುರಗಿಗೆ ಕಳಿಸಿದರು. ಅಲ್ಲಿ ತಿಳಿಯಿತು, ಗ್ಲಾಕೋಮಾ. ಕಣ್ಣಿನೊಳಗೆ ಸದಾ ಒಂದು ನೀರು ಹುಟ್ಟಿ ಹರಿದು ಹೋಗುತ್ತಿರುತ್ತದೆ. ಹೊರಗೆ ಹೋಗುವ ದಾರಿ ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ. ಆ ಒತ್ತಡದಿಂದ ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸವೆಯುತ್ತದೆ. ಮೊದಲು ಹೋಗುವುದು ಅಂಚಿನ ನೋಟ. ಎದುರಿಗಿದ್ದದ್ದು ಚೆನ್ನಾಗಿಯೇ ಕಾಣುವುದರಿಂದ, ನೋವೂ ಇಲ್ಲದ್ದರಿಂದ, ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಹೋದ ನೋಟ ತಿರುಗಿ ಬರುವುದಿಲ್ಲ. ಉಳಿದದ್ದನ್ನು ದಿನಾ ಹನಿ ಹಾಕಿ ಕಾಯ್ದುಕೊಳ್ಳಬೇಕು.

ಡಾಕ್ಟರು ಇದನ್ನು ಹೇಳುವಾಗ ನನಗೆ ಆ ಹಾಲಿನ ಪಾತ್ರೆ ನೆನಪಾಯಿತು. ಲೆಡ್ಜರಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಹತ್ತರ ತನಕ ಕೂತು ಹುಡುಕಿದವನು ನಾನು. ಮನೆಯಲ್ಲಿ ದಿನಾ ಕಾಣುತ್ತಿದ್ದ ಇಷ್ಟು ದೊಡ್ಡ ವ್ಯತ್ಯಾಸ ಹಿಡಿಯಲಿಲ್ಲ. ಬಸ್ಸಿನಲ್ಲಿ ಬರುವಾಗ "ಆವತ್ತ ಒದರಿದ್ದು ತಪ್ಪಾತು" ಎಂದೆ. "ಯಾವತ್ತ? ನೀವು ಒದರದ ದಿನ ಯಾವುದು?" ಎಂದು ಕಿಟಕಿಯ ಕಡೆ ತಿರುಗಿದಳು.

ಹೋದ ದೀಪಾವಳಿಯಲ್ಲಿ ಅವಳೇ ಹೇಳಿದಳು. "ರೀ, ಬಂಗಾರ ಬ್ಯಾಡ, ಸೀರಿ ಬ್ಯಾಡ. ಇನ್ನೊಮ್ಮೆ ಹೈದ್ರಾಬಾದ್ ನೋಡಬೇಕು. ಇದೇ ಕಡೀ ಸಲ. ಆ ಮ್ಯಾಲ ಕೇಳಂಗಿಲ್ಲ."

ಮೊಮ್ಮಗಳ ನೋಟ್‌ಬುಕ್ಕು

ಆಯಿಗೆ ಹೇಗೆ ಕಾಣುತ್ತದೆ ಎಂಬುದು ಮೊಮ್ಮಗಳ ಪ್ರಶ್ನೆ. ನೋಟ್‌ಬುಕ್ಕನ್ನು ಕೊಳವೆ ಮಾಡಿ ಒಂದು ಕಣ್ಣಿಗೆ ಹಿಡಿದು ಇನ್ನೊಂದನ್ನು ಮುಚ್ಚಲು ಹೇಳಿದೆ. ಹೆಚ್ಚು ಕಡಿಮೆ ಹಾಗೆ. ಹುಡುಗಿ ಆ ಕೊಳವೆ ಹಿಡಿದು ಮನೆಯೆಲ್ಲ ಸುತ್ತಿದಳು. ಬಾಗಿಲ ಹತ್ತಿರ ನಿಂತರೆ ಬರೀ ಚಿಲಕ ಕಂಡಿತು. ಅಂಗಳಕ್ಕೆ ಹೋಗಿ ತಿರುಗಿ ನೋಡಿದಳು. "ಮುತ್ಯಾ, ದೂರ ಹೋದ್ರ ಪೂರಾ ಬಾಗಿಲ ಕಾಣಸ್ತದ!"

ನಾವು ಹೊರಡುವ ದಿನ ಅವಳು ಅದೇ ನೋಟ್‌ಬುಕ್ಕಿನ ಹಾಳೆಯೊಂದನ್ನು ನನ್ನ ಜೇಬಿಗೆ ತುರುಕಿದಳು. ಅದರಲ್ಲಿ ಮೂರು ಕೆಲಸ ಬರೆದಿತ್ತು.

ಒಂದು, ಆಯಿಯ ಶಾಲೆಗೆ ಆ ಹೆಸರು ಯಾಕೆ?
ಎರಡು, ಮುತ್ಯಾನ ಬೆಳ್ಳಿ ರುಪಾಯಿಯ ಮೇಲಿನ ಚಾರ್‌ಮಿನಾರ್ ಮತ್ತು ಖರೇ ಚಾರ್‌ಮಿನಾರ್ ಒಂದೇನಾ ನೋಡಿ ಬರುವುದು.
ಮೂರು, ಚಾರ್‌ಮಿನಾರ್ ಹತ್ತಿರ ಹೋಗಬಾರದು, ದೂರ ನಿಂತು ನೋಡಬೇಕು.

ಬೆಳ್ಳಿ ರುಪಾಯಿ ನನ್ನ ತಂದೆಯದು. ನಿಜಾಮರ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಅದಕ್ಕೆ ಹಾಲಿ ಸಿಕ್ಕಾ ಎನ್ನುತ್ತಿದ್ದರು. ಬ್ರಿಟಿಷರ ರುಪಾಯಿಗೆ ಕಲ್ದಾರ್ ಎಂದು ಹೆಸರು. ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ. ಸೋಲಾಪುರ ಸಂತೆಗೆ ಹೋಗಿ ಬರುತ್ತಿದ್ದ ನಮ್ಮ ಹಿರಿಯರಿಗೆ ಈ ಗುಣಾಕಾರ ಬಾಯಿಪಾಠ. 1950ರ ದಶಕ ಮುಗಿಯುವುದರೊಳಗೆ ಹಾಲಿ ಚಲಾವಣೆ ಹೋಯಿತು. ತಂದೆ ಒಂದೇ ಒಂದನ್ನು ಉಳಿಸಿಕೊಂಡಿದ್ದರು.

ಮಳಖೇಡದ ಮೇಲೆ ಹಾಯ್ದು

ಶನಿವಾರ ನಸುಕಿನಲ್ಲಿ ಆಳಂದದಿಂದ ಸುಮಾರು ನಲವತ್ತು ಕಿಲೋಮೀಟರು ಕಲಬುರಗಿಗೆ ಬಂದು, ಮುಂಬೈ ಕಡೆಯಿಂದ ಬರುವ ಗಾಡಿ ಹಿಡಿದೆವು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಹನಿಯ ಬಾಟಲಿ ನನ್ನ ಅಂಗಿಯ ಜೇಬಿನಲ್ಲಿ.

ಶಹಾಬಾದಿನ ಕಲ್ಲಿನ ಗಣಿ ದಾಟಿದರೆ ವಾಡಿ ಜಂಕ್ಷನ್. ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರೈಲು ದಾರಿ ಆರಂಭವಾದದ್ದು 1874ರಲ್ಲಿ. ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ಸ್ಟೇಶನ್ ಬರುತ್ತದೆ. ನಮ್ಮಾಕೆ ಕಿಟಕಿಗೆ ಮುಖ ಹಚ್ಚಿ ಫಲಕ ಓದಿದಳು. "ಆಕಿಗೆ ಬರೀರಿ, ಮೊದಲನೇ ಪ್ರಶ್ನೆಕ್ಕ ಉತ್ತರ ಇಲ್ಲೇ ಸಿಕ್ತು" ಎಂದಳು.

ಅವಳು ಓದಿದ ಕಾಚಿಗುಡಾದ ಕನ್ನಡ ಶಾಲೆಯ ಹೆಸರು ನೃಪತುಂಗ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಒಂಬತ್ತನೆಯ ಶತಮಾನದ ದೊರೆ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿ ದಂಡೆಯ ಇದೇ ಮಳಖೇಡ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲೇ ಹಳೆಯದಾದ 'ಕವಿರಾಜಮಾರ್ಗ' ಅವನ ಆಸ್ಥಾನದಲ್ಲಿ ಹುಟ್ಟಿದ್ದು. ಉರ್ದು, ತೆಲುಗಿನ ನಡುವೆ ಇದ್ದ ಹೈದರಾಬಾದಿನ ಕನ್ನಡಿಗರು ತಮ್ಮ ಮಕ್ಕಳ ಶಾಲೆಗೆ ಬೇರೆ ಯಾರ ಹೆಸರು ಇಡಬೇಕಿತ್ತು?

ತಾಂಡೂರಿನಲ್ಲಿ ಚಹಾ ಕುಡಿದೆವು. ಕಲಬುರಗಿ ತೊಗರಿಗೂ ತಾಂಡೂರು ತೊಗರಿಗೂ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಎರಡರಲ್ಲಿ ಯಾವುದು ರುಚಿ ಎಂದು ಎದುರಿನ ಸೀಟಿನವರೊಡನೆ ವಾದ ನಡೆದು, ವಿಕಾರಾಬಾದಿನ ತನಕ ತೀರ್ಪು ಬರಲಿಲ್ಲ. ಮಧ್ಯಾಹ್ನ ನಾಂಪಲ್ಲಿ ಸ್ಟೇಶನ್ನಿನಲ್ಲಿ ಇಳಿದೆವು.

ನುಮಾಯಿಶ್‌ನಲ್ಲಿ ಕಳೆದುಹೋದವರು

ಸ್ಟೇಶನ್ ಹತ್ತಿರದ ಲಾಜಿನಲ್ಲಿ ಸಾಮಾನಿಟ್ಟು ಸಂಜೆ ನುಮಾಯಿಶ್‌ಗೆ ಹೋದೆವು. ನುಮಾಯಿಶ್ ಎಂದರೆ ಪ್ರದರ್ಶನ. 1938ರಲ್ಲಿ ಪಬ್ಲಿಕ್ ಗಾರ್ಡನ್ನಿನಲ್ಲಿ ಸಣ್ಣದಾಗಿ ಆರಂಭವಾದದ್ದು, ಈಗ ನಾಂಪಲ್ಲಿಯ ಮೈದಾನದಲ್ಲಿ ಪ್ರತಿ ವರ್ಷ ಜನವರಿಯಿಂದ ಫೆಬ್ರವರಿ ಮಧ್ಯದ ತನಕ ನಡೆಯುತ್ತದೆ. ಕಾಶ್ಮೀರದ ಶಾಲು, ಲಖನೌದ ಕಸೂತಿ, ರಾಟೆ, ಮಿರ್ಚಿ ಭಜಿ, ಎಲ್ಲವೂ ಒಂದೇ ಕಡೆ. ಚಿಕ್ಕಂದಿನಲ್ಲಿ ಇವಳು ಅಪ್ಪನ ಹೆಗಲ ಮೇಲೆ ಕೂತು ನೋಡಿದ ಜಾತ್ರೆ ಇದು.

ಶನಿವಾರ ಬೇರೆ, ಕಾಲಿಡಲು ಜಾಗವಿರಲಿಲ್ಲ. ಒಂದು ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಅವಳ ಕೈ ಬಿಟ್ಟೆ. ಎಣಿಸಿ ತಿರುಗಿದರೆ ಅವಳಿಲ್ಲ.

ಎದೆ ಧಸಕ್ಕೆಂದಿತು. ಪಕ್ಕದಿಂದ ಬರುವವರು ಇವಳಿಗೆ ಕಾಣುವುದಿಲ್ಲ. ಯಾರಾದರೂ ತಳ್ಳಿದರೆ? ಬಿದ್ದರೆ? ಮೊಬೈಲು ಲಾಜಿನಲ್ಲಿ ಚಾರ್ಜಿಗೆ ಇಟ್ಟು ಬಂದಿದ್ದಳು. ಮುಂದಿನ ಅಂಗಡಿ ತನಕ ಓಡಿದೆ, ತಿರುಗಿ ಬಂದೆ, ಇನ್ನೊಂದು ಕಡೆ ಓಡಿದೆ. ಅವಳ ಹೆಸರು ಹಿಡಿದು ಕೂಗಿದೆ. ಐವತ್ತು ವರ್ಷದಲ್ಲಿ ನಾಲ್ಕು ಜನರ ಎದುರು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಅವಳು ಅದೇ ಅಂಗಡಿಯ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಜನ ನುಗ್ಗಿದ್ದಕ್ಕೆ ಎರಡು ಹೆಜ್ಜೆ ಹಿಂದೆ ಸರಿದಿದ್ದಳಷ್ಟೆ.

"ಎಲ್ಲಿ ಹೋಗಿದ್ದಿ?" ಎಂದೆ, ಉಸಿರು ಸಿಗದೆ.

"ನಾ ಎಲ್ಲೂ ಹೋಗಿಲ್ರಿ. ಕಳಕೊಂಡವ್ರು ನೀವು."

ಆಮೇಲೆ ನನ್ನ ಹೆಗಲ ಮೇಲಿನ ಶಲ್ಯದ ತುದಿಗೆ ಅವಳ ಸೆರಗಿನ ತುದಿ ಕಟ್ಟಿದೆ. ಲಗ್ನದಲ್ಲಿ ಹೀಗೆಯೇ ಗಂಟು ಹಾಕಿದ್ದರು. ಎದುರಿನ ಪಾಪ್‌ಕಾರ್ನ್ ಅಂಗಡಿಯ ಹುಡುಗ ನೋಡಿ ನಕ್ಕ. ನಗಲಿ ಬಿಡಿ. ಆ ಗಂಟು ಲಾಜಿನ ಬಾಗಿಲಿಗೆ ಬರುವ ತನಕ ಬಿಚ್ಚಲಿಲ್ಲ.

ಹಿಂದಕ್ಕೆ ನಡೆದದ್ದು

ಭಾನುವಾರ ನಮ್ಮ ದಿನ. ಮುಂಜಾನೆ ಎದ್ದು ಆಟೋದಲ್ಲಿ ಹಳೇ ಶಹರಕ್ಕೆ ಹೋದೆವು. ಮೊದಲು ಇರಾನಿ ಚಹಾ, ಉಸ್ಮಾನಿಯಾ ಬಿಸ್ಕೀಟು. ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗಾಗಿ ಮಾಡಿದ್ದರಿಂದ ಬಿಸ್ಕೀಟಿಗೆ ಆ ಹೆಸರು ಎಂದು ಅಲ್ಲಿಯವರು ಹೇಳುತ್ತಾರೆ. ಸಿಹಿ, ಉಪ್ಪು ಎರಡೂ ಸೇರಿದ ರುಚಿ.

ಚಾರ್‌ಮಿನಾರ್ ಕಟ್ಟಿಸಿದ್ದು 1591ರಲ್ಲಿ, ಗೋಲ್ಕೊಂಡದ ಸುಲ್ತಾನ ಮಹಮ್ಮದ್ ಕುಲಿ ಕುತುಬ್ ಷಾ. ಹೊಸ ಶಹರದ ನಟ್ಟನಡುವೆ ನಾಲ್ಕು ದಿಕ್ಕಿಗೆ ನಾಲ್ಕು ಕಮಾನು, ನಾಲ್ಕು ಮೂಲೆಗೆ ನಾಲ್ಕು ಮಿನಾರು. ಮೇಲೆ ಮಸೀದಿ ಇದೆ. ಕಮಾನುಗಳ ಮೇಲಿನ ಗಡಿಯಾರಗಳು 1889ರಲ್ಲಿ ಬಂದವು. ಲಗ್ನವಾದ ಮೂರನೇ ದಿನ ನಾವಿಬ್ಬರೂ ಅದರ ಸುತ್ತು ಮೆಟ್ಟಿಲು ಹತ್ತಿದ್ದೆವು. ಇವಳು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಈಗ ಇಬ್ಬರ ಮೊಣಕಾಲೂ ಒಪ್ಪುವುದಿಲ್ಲ.

ಕಟ್ಟಡದ ಬುಡದಲ್ಲಿ ನಿಂತು ತಲೆ ಎತ್ತಿದಳು. ಒಂದಿಷ್ಟು ಹೊತ್ತು ಹಾಗೇ ನೋಡಿದಳು. ತಲೆಯನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ತುಂಡು ತುಂಡು ಕಾಣಸ್ತದ್ರಿ. ಒಂದು ಕಮಾನು, ಒಂದು ಗ್ವಾಡಿ. ಚಾರ್‌ಮಿನಾರ್ ಕಾಣವಲ್ದು."

ಇದಕ್ಕಾಗಿಯೇ ಬಂದವಳು. ನನಗೆ ಏನು ಹೇಳಬೇಕೋ ತಿಳಿಯದೆ ಜೇಬಿಗೆ ಕೈ ಹಾಕಿದೆ. ಮೊಮ್ಮಗಳ ಹಾಳೆ ಸಿಕ್ಕಿತು. ಮೂರನೆಯ ಸಾಲು ಓದಿದೆ.

ಚಾರ್‌ಮಿನಾರಿನ ಉತ್ತರಕ್ಕೆ, ಗುಲ್ಜಾರ್ ಹೌಜ್ ಎಂಬ ಹಳೆಯ ಕಾರಂಜಿ ಇದೆ. ಆ ಕಡೆಗೆ ಹಿಂದಕ್ಕೆ ನಡೆಯಲು ಆರಂಭಿಸಿದೆವು. ಅವಳ ಮುಖ ಚಾರ್‌ಮಿನಾರಿನ ಕಡೆ, ಬೆನ್ನು ಕಾರಂಜಿಯ ಕಡೆ. ನಾನು ಎರಡೂ ಕೈ ಹಿಡಿದು ದಾರಿ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಸಿದೆ. ಹಣ್ಣಿನ ಗಾಡಿಯವನು ಗಾಡಿ ಸರಿಸಿ ದಾರಿ ಬಿಟ್ಟ. "ಕ್ಯಾ ಹುವಾ ಚಾಚಾ?" ಎಂದು ಕೇಳಿದ. ಇವಳೇ ಉರ್ದುವಿನಲ್ಲಿ ಹೇಳಿದಳು. ಆತ ತಾನೂ ಜೊತೆಗೆ ಬಂದು ಹಿಂದಿನಿಂದ ಬರುವ ಜನರನ್ನು "ಹಟೋ, ಹಟೋ" ಎಂದು ಸರಿಸುತ್ತ ನಡೆದ.

"ಈಗ?" "ಇನ್ನೂ ಇಲ್ರಿ." "ಈಗ?" "ಎರಡು ಮಿನಾರ್ ಬಂದ್ವು." ಇನ್ನೂ ಹಿಂದೆ. ಕಾರಂಜಿ ಹತ್ತಿರ ಬಂದಿತ್ತು. "ನಿಲ್ರಿ" ಎಂದಳು. "ಪೂರಾ ಬಂತು."

ನಾನು ಮಾತಾಡಲಿಲ್ಲ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಕೈ ಚಾಚಿದಳು. "ಎಲ್ಲಿ ರುಪಾಯಿ?"

ಅಂಗೈ ಮೇಲೆ ಇಟ್ಟೆ. ಕಣ್ಣಿನ ಎದುರಿಗೆ ಹಿಡಿದು ನಾಣ್ಯವನ್ನೂ ಕಟ್ಟಡವನ್ನೂ ತಾಳೆ ನೋಡಿದಳು. ನಾಣ್ಯದ ಕಮಾನಿನೊಳಗೆ ಒಂದು ಸಣ್ಣ ಗುರುತಿದೆ. ಇಷ್ಟು ವರ್ಷ ನಾನು ಅದನ್ನು ಬಾಗಿಲಿನ ಚಿತ್ರ ಎಂದುಕೊಂಡಿದ್ದೆ. "ಬಾಗಿಲಲ್ರಿ ಇದು, ಉರ್ದುದ 'ಐನ್' ಅಕ್ಷರ. ಉಸ್ಮಾನ್ ಅಂಬೋ ಹೆಸರಿನ ಮೊದಲನೇ ಅಕ್ಷರ" ಎಂದಳು. ಕೊನೆಯ ನಿಜಾಮರು ಮೀರ್ ಉಸ್ಮಾನ್ ಅಲಿ ಖಾನ್, ಅವರ ಕಾಲದ ನಾಣ್ಯ ಇದು.

ಜೇವರ್ಗಿ ಶಾಖೆಯ ದಿನಗಳು ನೆನಪಾದವು. ರೈತರು ಬೆಳೆಸಾಲಕ್ಕೆಂದು ತಾತನ ಕಾಲದ ಉರ್ದು ಕಾಗದ ತರುತ್ತಿದ್ದರು. ಆ ಓಡುಬರಹ ಓದಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಂಥ ರೈತರನ್ನು ಸಂಜೆ ಮನೆಗೇ ಕರೆದುಕೊಂಡು ಬರುತ್ತಿದ್ದೆ. ಇವಳು ಕಂದೀಲಿನ ಬೆಳಕಿನಲ್ಲಿ ಒಂದೊಂದೇ ಸಾಲು ಓದಿ ಹೊಲದ ಚಕ್ಕುಬಂದಿ ಹೇಳುತ್ತಿದ್ದಳು. ರೈತರು ಅವಳನ್ನು 'ಓದೋ ಅಕ್ಕಾ' ಎಂದು ಕರೆಯುತ್ತಿದ್ದರು. ಎಷ್ಟೋ ಸಾಲದ ಫೈಲುಗಳಲ್ಲಿ ನನ್ನ ಸಹಿ ಇದೆ, ಅವಳ ಕಣ್ಣಿನ ಕೆಲಸ ಎಲ್ಲೂ ದಾಖಲಾಗಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಪೆಟ್ಟು

ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಒಂದು ಹಾಡುವ ಗಡಿಯಾರವಿದೆ. ಪ್ರತಿ ತಾಸಿಗೆ ಗಡ್ಡದ ಸಣ್ಣ ಗೊಂಬೆಯೊಂದು ಬಾಗಿಲು ತೆರೆದು ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಹನ್ನೆರಡಕ್ಕೆ ಮುಟ್ಟಿದರೆ ಹನ್ನೆರಡು ಪೆಟ್ಟು ಕೇಳಬಹುದು ಎಂದು ನನ್ನ ಲೆಕ್ಕ. ಲಾಡ್ ಬಜಾರು ಆ ಲೆಕ್ಕ ಕೆಡಿಸಿತು.

ಅಲ್ಲಿ ಅರಗಿನ ಬಳೆ ಮಾಡುತ್ತಾರೆ. ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಹೊಸೆದು, ದುಂಡಗೆ ಬಳಸಿ, ಬಿಸಿ ಇರುವಾಗಲೇ ಒಂದೊಂದೇ ಹರಳು ಕೂರಿಸುತ್ತಾರೆ. 2024ರಲ್ಲಿ ಹೈದರಾಬಾದಿನ ಅರಗಿನ ಬಳೆಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಇವಳು ಬಣ್ಣ ನೋಡುವುದಕ್ಕಿಂತ ಹೆಚ್ಚಾಗಿ ಬೆರಳಿನಿಂದ ಹರಳು ಮುಟ್ಟಿ ಮುಟ್ಟಿ ಆರಿಸಿದಳು. ಮೊಮ್ಮಗಳಿಗೆ ಒಂದು ಜೋಡಿ, ಸೊಸೆಗೆ ಒಂದು ಜೋಡಿ. "ನಿನಗ?" ಎಂದೆ. "ನನಗ ಯಾಕ್ರಿ ಈಗ" ಎಂದಳು. ನಾನು ಹಸಿರಿನದೊಂದು ಜೋಡಿ ಕಟ್ಟಿಸಿದೆ. ಮರು ಮಾತಾಡದೆ ಅಲ್ಲಿಯೇ ತೊಟ್ಟುಕೊಂಡಳು.

ಸಂಗ್ರಹಾಲಯ ಮುಟ್ಟಿದಾಗ ಒಂದು ಗಂಟೆಗೆ ಐದು ನಿಮಿಷ ಬಾಕಿ. ಇದು ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್ ಎಂಬವರು ಕೂಡಿಸಿದ ವಸ್ತುಗಳ ಸಂಗ್ರಹ. 1951ರಲ್ಲಿ ಅವರ ದೇವಡಿಯಲ್ಲೇ ಆರಂಭವಾಗಿ, 1968ರಲ್ಲಿ ಮೂಸಿ ನದಿ ದಂಡೆಯ ಈಗಿನ ಕಟ್ಟಡಕ್ಕೆ ಬಂದಿತು. ಶುಕ್ರವಾರ ರಜೆ. ಗಡಿಯಾರದ ಎದುರಿಗೆ ಮಕ್ಕಳೆಲ್ಲ ಕೂತಿದ್ದರು. ಗೊಂಬೆ ಎಲ್ಲಿಂದ ಬರುತ್ತದೆ ಎಂದು ನಾನು ಅವಳ ಮುಖ ಹಿಡಿದು ತೋರಿಸಿದೆ. ಬಾಗಿಲು ತೆರೆಯಿತು, ಗೊಂಬೆ ಬಂದಿತು, ಠಣ್ ಎಂದು ಒಂದೇ ಪೆಟ್ಟು ಹೊಡೆದು ಒಳಗೆ ಹೋಯಿತು.

"ಹನ್ನೆರಡು ಕೇಳಸಬೇಕಂತ ಮಾಡಿದ್ದೆ" ಎಂದೆ.

"ಸಾಕ್ರಿ. ಒಂದು ಸರಿಯಾಗಿ ಕಂಡ್ತಲ್ಲ."

ನೂರೈವತ್ತು ಜನರ ಹುಣಸೆ ಮರ

ಸೇತುವೆ ದಾಟಿ ಅಫ್ಜಲ್‌ಗಂಜಿಗೆ ಬಂದೆವು. ಅಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹಳೆಯ ಹುಣಸೆ ಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಮಹಾಪೂರ ಬಂದು ಅರ್ಧ ಶಹರವೇ ಕೊಚ್ಚಿಹೋಯಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಆ ದಿನ ಸುಮಾರು 150 ಜನ ಈ ಮರ ಹತ್ತಿ ಜೀವ ಉಳಿಸಿಕೊಂಡರು.

ಮುಂದೆ ಹೀಗಾಗಬಾರದು ಎಂದು ನಿಜಾಮರು ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ ಅವರನ್ನು. ಊರಿನ ಮೇಲ್ಭಾಗದಲ್ಲಿ ನೀರು ತಡೆಯಬೇಕೆಂದು ಅವರು ಸಲಹೆ ಕೊಟ್ಟರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪೂರ ತಡೆಯುವ ಕೆರೆಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. ಇವಳಿಗೆ ಈ ಕಥೆ ಹೇಳಿದ್ದು ಇವಳ ಅಪ್ಪ, ಇದೇ ಮರದ ಕೆಳಗೆ. ಮರದ ಬೊಡ್ಡೆಯ ಕಡೆ ಕೈಮುಗಿದಳು.

ಮುಚ್ಚಿದ ಲೆಕ್ಕ

ಸೋಮವಾರ ಕಾಚಿಗುಡಾ. 1916ರಲ್ಲಿ ಕಟ್ಟಿದ ಗುಮ್ಮಟದ ರೈಲ್ವೆ ಸ್ಟೇಶನ್ ಅಲ್ಲಿಯ ಗುರುತು. ಅಪ್ಪನ ಮನೆ ಎಂದೋ ಮಾರಿಹೋಗಿ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಬಂದಿದೆ. ಓಣಿ ಗುರುತು ಸಿಗಲಿಲ್ಲ. ಅವಳು ನನ್ನ ತೋಳು ಹಿಡಿದು, "ಸಾಲಿ ಮುಂದಿಂದ ಹೋಗೂಣು, ಕಾಲಿಗೆ ನೆನಪದ" ಎಂದಳು. ಶಾಲೆಯ ಹತ್ತಿರ ನಿಂತಾಗ ಮಧ್ಯಾಹ್ನದ ಬಿಡುವಿನ ಗದ್ದಲ ಕೇಳಿಸಿತು. ಯಾವ ಭಾಷೆಯೋ ತಿಳಿಯಲಿಲ್ಲ. ಬಿಡುವಿನ ಗದ್ದಲ ಎಲ್ಲಾ ಭಾಷೆಯಲ್ಲೂ ಒಂದೇ. ಅಲ್ಲಿಂದ ಹೆಜ್ಜೆ ಎಣಿಸುತ್ತ ನಡೆದು ಒಂದು ಕಡೆ ನಿಂತಳು. "ಇಲ್ಲೇ. ಇಲ್ಲೇ ಹಂದರ ಹಾಕಿದ್ರು."

ಅಲ್ಲೀಗ ಸ್ಕೂಟರುಗಳು ನಿಂತಿದ್ದವು. ನಮ್ಮಿಬ್ಬರ ಅಕ್ಷತೆ ಬಿದ್ದ ಜಾಗ. ಅವಳು ಅಳುತ್ತಾಳೆ ಎಂದು ಹೆದರಿದ್ದೆ. ಅಳಲಿಲ್ಲ. ಚೀಲದಿಂದ ಕುಂಕುಮದ ಭರಣಿ ತೆಗೆದು ನೆಲಕ್ಕೆ ಒಂದು ಚಿಟಿಕೆ ಹಾಕಿ ನಮಸ್ಕಾರ ಮಾಡಿದಳು. "ನಡೀರಿ. ಗಾಡಿಗೆ ಹೊತ್ತಾಗ್ತದ."

ಗಾಡಿ ಶಹರ ದಾಟುವಾಗ ಕಿಟಕಿಯ ಸೀಟು ಅವಳಿಗೇ ಬಿಟ್ಟಿದ್ದೆ. ಅವಳು ಹೊರಗೆ ನೋಡದೆ ಹೊಸ ಬಳೆ ತಿರುಗಿಸುತ್ತ ಕೂತಿದ್ದಳು. "ನೋಡಲ್ಲೇನು?" ಎಂದು ಕೇಳಿದೆ. "ನೋಡೇನಲ್ರಿ. ಇನ್ನ ಅದ ಒಳಗ" ಎಂದಳು. ಬ್ಯಾಂಕಿನಲ್ಲಿ ಖಾತೆ ಮುಚ್ಚುವಾಗ ಉಳಿದ ಹಣವನ್ನೆಲ್ಲ ಗಿರಾಕಿಯ ಕೈಗೆ ಕೊಟ್ಟು ಕಳಿಸುತ್ತಿದ್ದೆವು. ಹಾಗೆ ಅವಳೂ ತನ್ನದನ್ನೆಲ್ಲ ತೆಗೆದುಕೊಂಡು ಹೊರಟಿದ್ದಳು ಎಂದು ನನಗೆ ಅನಿಸಿತು.

ರಾತ್ರಿ ಮನೆಗೆ ಬಂದಾಗ ಮೊಮ್ಮಗಳು ನಿದ್ದೆ ಬಿಟ್ಟು ಕಾಯುತ್ತಿದ್ದಳು. ಮೂರೂ ಪ್ರಶ್ನೆಗೆ ಉತ್ತರ ಹೇಳಿದ್ದು ಆಯಿ. ಮಳಖೇಡ ಹೇಳಿದಳು, 'ಐನ್' ಅಕ್ಷರವನ್ನು ಹುಡುಗಿಯ ಅಂಗೈ ಮೇಲೆ ಬೆರಳಿಂದ ಬರೆದಳು, ಹಿಂದಕ್ಕೆ ನಡೆದದ್ದನ್ನು ಎದ್ದು ನಿಂತು ತೋರಿಸಿದಳು. ನಾನು ಹನಿಯ ಬಾಟಲಿ ಹಿಡಿದು ಸರದಿ ಕಾಯುತ್ತ ಕೂತೆ. ಈಗ ದಿನಾ ಹನಿ ಹಾಕುವುದು ನನ್ನ ಕೆಲಸ. ಹಾಕಿದ ಮೇಲೆ ಹಳೆಯ ಡೈರಿಯಲ್ಲಿ ಸಮಯ ಬರೆದು ಸಹಿ ಮಾಡುತ್ತೇನೆ. ಕಳೆದ ತಿಂಗಳ ತಪಾಸಣೆಯಲ್ಲಿ ಒತ್ತಡ ಏರಿಲ್ಲ, ಇದ್ದ ನೋಟ ಇದ್ದ ಹಾಗೆಯೇ ಇದೆ ಎಂದರು.

ಕಡೆಗೆ ಎರಡು ಮಾತು

ನನ್ನ ಓರಗೆಯವರಿಗೆ: ಕನ್ನಡಕದ ನಂಬರು ನೋಡಿದರೆ ಕಣ್ಣು ತೋರಿಸಿದಂತಾಗಲಿಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡ ಮತ್ತು ನರವನ್ನೂ ನೋಡಲು ಡಾಕ್ಟರಿಗೆ ಕೇಳಿರಿ. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಒಡಹುಟ್ಟಿದವರು, ಮಕ್ಕಳು ತಪ್ಪದೆ ತೋರಿಸಬೇಕು. ನನ್ನ ಮಗನೂ ತೋರಿಸಿದ್ದಾನೆ. ಹನಿಯನ್ನು ನೀವಾಗಿಯೇ ನಿಲ್ಲಿಸಬೇಡಿರಿ.

ಮಕ್ಕಳಿಗೆ: ನಿಮ್ಮ ಮನೆಯ ಅಜ್ಜಿ ಅಥವಾ ಮುತ್ಯಾ ಬಾಗಿಲಿಗೆ ಭುಜ ಬಡಿಸಿಕೊಂಡರೆ ನಗಬೇಡಿರಿ. ನೋಟ್‌ಬುಕ್ಕನ್ನು ಕೊಳವೆ ಮಾಡಿ ಒಮ್ಮೆ ಮನೆಯೆಲ್ಲ ನೋಡಿರಿ. ಆಮೇಲೆ ಹೋಗಿ ಅಪ್ಪನಿಗೆ ಹೇಳಿರಿ. ನಾನು ಮಾಡದೆ ಬಿಟ್ಟ ಕೆಲಸ ಅದು.